ಹನ್ನೊಂದನೇ ವಿಲ್ಲಾದ ಮೀನು

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ದೂರು ಠಾಣೆಗೆ ಬಂತು. ತಂದವರು ಎದುರು ದ್ವೀಪದ ರೆಸಾರ್ಟಿನ ಮ್ಯಾನೇಜರ್. ಸ್ಪೀಡ್ ಬೋಟಿನಲ್ಲಿ ಸಮುದ್ರ ಸೀಳಿಕೊಂಡು ಬಂದಿದ್ದರೂ ಅವರ ಬಿಳಿ ಷರಟಿನ ಮೇಲೆ ಒಂದು ಹನಿ ನೀರಿನ ಗುರುತಿರಲಿಲ್ಲ.

ದೂರಿನ ಸಾರಾಂಶ ಇಷ್ಟು. ನೀರಿನ ಮೇಲೆ ಕಟ್ಟಿರುವ ಹನ್ನೊಂದನೇ ವಿಲ್ಲಾದಲ್ಲಿ ತಂಗಿರುವ ಅತಿಥಿಯೊಬ್ಬರ ಪಚ್ಚೆ ಕಲ್ಲಿನ ಉಂಗುರ ಸೋಮವಾರ ಹಗಲು ಕಾಣೆಯಾಗಿದೆ. ಅತಿಥಿ ದಂಪತಿ ಬೆಳಿಗ್ಗೆ ಒಂಬತ್ತಕ್ಕೆ ಹವಳದ ದಿಬ್ಬ ನೋಡಲು ದೋಣಿಯಲ್ಲಿ ಹೋಗಿ ಸಂಜೆ ಐದಕ್ಕೆ ಮರಳಿದ್ದಾರೆ. ಈ ನಡುವೆ ಬಾಗಿಲು ಎರಡು ಬಾರಿ ತೆರೆದಿದೆ, ಎರಡು ಬಾರಿಯೂ ಕೋಣೆ ನೋಡಿಕೊಳ್ಳುವ ಹುಡುಗಿಯ ಕೀ ಕಾರ್ಡಿನಿಂದ.

"ಹುಡುಗಿ ಎಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಆಫೀಸಲ್ಲಿ ಕೂರಿಸಿದ್ದೀನಿ. ಕೆಲಸದಿಂದ ತೆಗೆಯೋ ಪತ್ರಾನೂ ರೆಡಿ ಇದೆ. ನೀವು ಬಂದು ಕರ್ಕೊಂಡು ಹೋದರೆ ಮುಗೀತು."

"ಕರ್ಕೊಂಡು ಹೋಗೋದು ಕೊನೇ ಕೆಲಸ. ಮೊದಲು ನೋಡ್ತೀವಿ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಎಲ್ಲವನ್ನೂ ಎರಡು ಸಲ ಓದುವುದು ಅವರ ಅಭ್ಯಾಸ. ಈ ಠಾಣೆಗೆ ಬಂದು ಮೂರು ವರ್ಷವಾಗಿದ್ದರೂ ಎದುರು ದ್ವೀಪದಿಂದ ಒಂದು ದೂರೂ ಬಂದಿರಲಿಲ್ಲ. ಅಲ್ಲಿ ಕೆಲಸವಿದ್ದವರಿಗೆ, ಬಾಡಿಗೆ ಕೊಡಬಲ್ಲವರಿಗೆ ಮಾತ್ರ ಪ್ರವೇಶ. ದಡದವರಿಗೆಲ್ಲ ಅದು ಸಂಜೆ ಹೊತ್ತು ದೂರದಲ್ಲಿ ಮಿನುಗುವ ದೀಪಗಳ ಒಂದು ಗೆರೆ, ಅಷ್ಟೆ.

ಪಂಚನಾಮೆಗೆ ಸಾಕ್ಷಿಯಾಗುವ ಪಂಚರು ರೆಸಾರ್ಟಿನವರೇ ಆಗಬಾರದೆಂದು ಇನ್‌ಸ್ಪೆಕ್ಟರ್ ದಡದಲ್ಲೇ ಇಬ್ಬರನ್ನು ಹುಡುಕಿದರು. ಪಂಚರಾಗಿ ಬನ್ನಿ ಎಂದರೆ ಅಂಗಡಿಯ ಷಟರ್ ಎಳೆದುಕೊಳ್ಳುವ ಜನ. ಆ ದಿನ ಏಳು ಮಂದಿ ಕೈಯೆತ್ತಿದರು. ದರ್ಜಿಯನ್ನೂ ಜೆಟ್ಟಿಯ ಟಿಕೆಟ್ ಗುಮಾಸ್ತನನ್ನೂ ಆರಿಸಿಕೊಂಡರು. ದರ್ಜಿ ಹೊಸ ಷರಟು ತೊಟ್ಟು ಬಂದ.

ಜೊತೆಗೆ ಹೊರಟವರು ಇಬ್ಬರು. ಒಬ್ಬರು ಮಹಿಳಾ ಹೆಡ್ ಕಾನ್‌ಸ್ಟೆಬಲ್; ಇಪ್ಪತ್ತಾರು ವರ್ಷದ ಸೇವೆ, ಮಾತು ಕಡಿಮೆ. ಇನ್ನೊಬ್ಬ ಬರವಣಿಗೆಯ ಕಾನ್‌ಸ್ಟೆಬಲ್. ಕಾಗೆ ಹಾರಿದರೂ ವೇಳೆ ನೋಡಿ ಬರೆದುಕೊಳ್ಳುವ ಅವನನ್ನು ಠಾಣೆಯಲ್ಲಿ ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು.

ದಡ ಬಿಟ್ಟಾಗ ನೀರು ಬೂದು ಬಣ್ಣಕ್ಕಿತ್ತು. ಅರ್ಧ ದಾರಿಯಲ್ಲಿ ಹಸಿರಾಯಿತು. ಆಮೇಲೆ ಬಂದ ಬಣ್ಣಕ್ಕೆ ಇನ್‌ಸ್ಪೆಕ್ಟರ್ ಬಳಿ ಹೆಸರಿರಲಿಲ್ಲ. ಬೋಟಿನ ನೆರಳು ತಳದ ಮರಳಿನ ಮೇಲೆ ಓಡುತ್ತಿರುವುದು ಕಾಣುತ್ತಿತ್ತು, ಅಷ್ಟು ತಿಳಿ. ಅವರು ಕಂಕುಳಲ್ಲಿದ್ದ ಫೈಲನ್ನು ಮರೆತು ಬಗ್ಗಿ ನೋಡಿದರು. ಫೈಲು ಜಾರಿತು. ಹೆಡ್ ಕಾನ್‌ಸ್ಟೆಬಲ್ ಅದನ್ನು ಹಿಡಿದುಕೊಂಡು ತಮ್ಮ ಮಡಿಲಲ್ಲೇ ಇಟ್ಟುಕೊಂಡರು.

"ಸಾರ್, ಮನೆಯವರು ಕೇಳ್ತಾರೆ ಹೇಗಿತ್ತು ಅಂತ. ಏನು ಹೇಳೋದು?" ಗಡಿಯಾರ ಪಿಸುಗುಟ್ಟಿದ.

"ಕರ್ತವ್ಯದ ಮೇಲೆ ಹೋಗಿದ್ದೆ, ಏನೂ ನೋಡಲಿಲ್ಲ ಅನ್ನು."

"ನಂಬಲ್ಲ ಸಾರ್."

ಹತ್ತೂ ಹತ್ತಕ್ಕೆ ಇಳಿದರು. ಮರದ ಹಲಗೆಯ ಉದ್ದನೆ ಸೇತುವೆ, ಅದರ ಎರಡೂ ಬದಿಗೆ ನೀರಿನಲ್ಲಿ ಕಂಬಗಳ ಮೇಲೆ ನಿಂತ ಮನೆಗಳು. ಒಂದೊಂದೂ ಇನ್ನೊಂದಕ್ಕೆ ಬೆನ್ನು ಹಾಕಿ ಬರಿಯ ಕಡಲನ್ನೇ ನೋಡುತ್ತಿತ್ತು. ಎಲ್ಲೂ ಸದ್ದಿಲ್ಲ. ಐದು ಜೊತೆ ಚಪ್ಪಲಿ, ಬೂಟುಗಳ ಸಪ್ಪಳಕ್ಕೆ ತಮಗೇ ಸಂಕೋಚವಾಗಿ ಎಲ್ಲರೂ ಹೇಳದೆಯೇ ಕಾಲು ಮೆಲ್ಲಗೆ ಇಟ್ಟರು.

ಹನ್ನೊಂದನೇ ವಿಲ್ಲಾದ ಬಾಗಿಲು ತೆರೆದಾಗ ಮೊದಲು ಕಂಡದ್ದು ಕೋಣೆಯಲ್ಲ, ಸಮುದ್ರ. ಎದುರಿನ ಗೋಡೆಯೇ ಇರಲಿಲ್ಲ. ಹಾಸಿಗೆಯ ಮುಂದೆ ನೆಲದ ಒಂದು ದೊಡ್ಡ ಚೌಕ ಗಾಜಿನದು. ಅದರ ಕೆಳಗೆ ಹಳದಿ ಬಣ್ಣದ ಸಣ್ಣ ಮೀನುಗಳ ಹಿಂಡು ಒಟ್ಟಿಗೆ ತಿರುಗಿ, ಒಟ್ಟಿಗೆ ಹೊಳೆದು ಮಾಯವಾಯಿತು. ದರ್ಜಿ "ಅಯ್ಯೋ ದೇವರೇ" ಎಂದವನು ನಾಚಿ ಬಾಯಿ ಮುಚ್ಚಿಕೊಂಡ.

ಗಡಿಯಾರ ಗಾಜಿನ ಅಂಚಿನಲ್ಲಿ ನಿಂತ. "ಸಾರ್, ಒಡೆದರೆ?"

"ಒಡೆದರೆ ಪಂಚನಾಮೆ ಈಜ್ತಾ ಬರೀಬೇಕಾಗುತ್ತೆ. ಬಾ."

ಉಂಗುರದ ಒಡತಿ ಐವತ್ತರ ಆಸುಪಾಸಿನ ವಕೀಲೆ. ಉತ್ತರ ಚುಟುಕು.

"ಉಂಗುರ ಎಲ್ಲಿಟ್ಟಿದ್ರಿ ಮೇಡಂ?"

"ಸ್ನಾನದ ಕೋಣೇಲಿ, ಕೈ ತೊಳೆಯೋ ಬೇಸಿನ್ ಪಕ್ಕ ಚಿಪ್ಪಿನ ಬಟ್ಟಲಿದೆಯಲ್ಲ, ಅದರಲ್ಲಿ. ನೀರಿಗಿಳಿಯೋದಿತ್ತು, ಅದಕ್ಕೆ ತೆಗೆದಿಟ್ಟೆ."

"ಬೇರೆ ಒಡವೆ?"

"ಕಪಾಟಲ್ಲೇ ಇದೆ. ಮುಟ್ಟಿಲ್ಲ. ಕಪಾಟು ಬೀಗ ಹಾಕಿರಲಿಲ್ಲ."

ಇನ್‌ಸ್ಪೆಕ್ಟರ್ ಈ ಮಾತನ್ನು ತಾವೇ ಬರೆದುಕೊಂಡರು. ತೆರೆದ ಕಪಾಟಿನ ಒಡವೆ ಬಿಟ್ಟು ಬಟ್ಟಲಿನ ಒಂದೇ ಉಂಗುರ ಎತ್ತಿದ ಕಳ್ಳ!

"ಬಂದಾಗ ಕೋಣೆಯಲ್ಲಿ ಬೇರೇನಾದ್ರೂ ಬದಲಾಗಿತ್ತಾ?"

"ಇಲ್ಲ. ಅಚ್ಚುಕಟ್ಟಾಗಿತ್ತು. ಬೆಡ್‌ಶೀಟ್ ಬದಲಾಯಿಸಬೇಡಿ ಅಂತ ದಿಂಬಿನ ಮೇಲೆ ಎಲೆ ಗುರುತಿನ ಚೀಟಿ ಇಟ್ಟು ಹೋಗಿದ್ದೆ. ಆದ್ರೂ ಹೊಸದು ಹಾಕಿದ್ರು. ಅಷ್ಟು ನೀಟಾಗಿ ಹಾಸಿದ್ದು ನಾನು ಎಲ್ಲೂ ನೋಡಿಲ್ಲ. ರಾತ್ರಿ ಅದರ ಮೇಲೆ ಮಲಗೋಕೇ ಮನಸ್ಸು ಬರಲಿಲ್ಲ." ವಕೀಲೆ ಸೇರಿಸಿದರು. "ಉಂಗುರ ನಮ್ಮಮ್ಮನದು. ಅದಕ್ಕೇ ದೂರು ಕೊಟ್ಟೆ. ಬೇರೇದಾಗಿದ್ರೆ ಹಾಳಾಗಿ ಹೋಗಲಿ ಅಂತಿದ್ದೆ."

ಸ್ಥಳ ಪಂಚನಾಮೆ ಹನ್ನೊಂದೂವರೆಗೆ ಮುಗಿಯಿತು.

ಕೋಣೆಯ ಹುಡುಗಿ ಮ್ಯಾನೇಜರ್ ಆಫೀಸಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

"ನಿನ್ನೆ ಎಷ್ಟು ಸಲ ಒಳಗೆ ಹೋದೆ?"

"ಒಂದೇ ಸಲ ಸಾರ್. ಹತ್ತು ಗಂಟೆಗೆ."

"ಮಷಿನ್ ಎರಡು ಸಲ ಅನ್ನುತ್ತೆ. ಮಧ್ಯಾಹ್ನ ಎರಡೂಕಾಲಿಗೆ ನಿನ್ನ ಕಾರ್ಡಿಂದಲೇ ಬಾಗಿಲು ತೆಗೆದಿದೆ."

"ಆಗ ನಾನು ಊಟ ಮಾಡ್ತಾ ಇದ್ದೆ. ಹತ್ತು ಜನ ನೋಡಿದ್ದಾರೆ."

"ಕಾರ್ಡು?"

"ಊಟಕ್ಕೆ ಕಾರ್ಡು ತಗೊಂಡು ಹೋಗೋ ಹಾಗಿಲ್ಲ ಸಾರ್. ಸಾಮಾನು ಕೋಣೆ ಮೊಳೆಗೆ ಏಪ್ರನ್ ಜೊತೆ ನೇತುಹಾಕಬೇಕು. ಇವರದೇ ರೂಲ್ಸು."

ಮ್ಯಾನೇಜರ್ ಕೆಮ್ಮಿದರು.

"ಬೆಡ್‌ಶೀಟ್ ಯಾಕೆ ಬದಲಾಯಿಸಿದೆ? ಬೇಡ ಅಂತ ಚೀಟಿ ಇತ್ತಲ್ಲ?"

ಹುಡುಗಿ ತಲೆಯೆತ್ತಿದಳು. "ಬದಲಾಯಿಸಲಿಲ್ಲ ಸಾರ್. ಇದ್ದಿದ್ದನ್ನೇ ಸರಿಮಾಡಿದೆ ಅಷ್ಟೆ."

ಇನ್‌ಸ್ಪೆಕ್ಟರ್ ಇದನ್ನೂ ತಾವೇ ಬರೆದುಕೊಂಡರು. ಹುಡುಗಿಯೇ ಮುಂದುವರಿಸಿದಳು. "ಸಾರ್, ನನ್ನ ಕೆಲಸ ಹೋದ್ರೆ ಹೋಗಲಿ. ಮುಂದಿನ ತಿಂಗಳು ನನ್ನ ತಂಗಿ ಇಲ್ಲಿ ಸ್ವಾಗತ ಕೌಂಟರಿಗೆ ಸೇರಬೇಕು. ಕಳ್ಳಿ ತಂಗೀನ ಯಾರು ಸೇರಿಸ್ಕೋತಾರೆ? ಒಂದು ರೆಸಾರ್ಟಲ್ಲಿ ಹೆಸರು ಕೆಟ್ಟರೆ ಎಲ್ಲಾ ಕಡೆ ಕೆಟ್ಟ ಹಾಗೇ."

"ಊಟದ ಹೊತ್ತಲ್ಲಿ ಆ ಸಾಮಾನು ಕೋಣೆಗೆ ಯಾರು ಬರ್ತಾರೆ?"

"ಯಾರೂ ಇಲ್ಲ ಸಾರ್. ಎರಡು ಗಂಟೆಗೆ ಒಗೆದ ಬಟ್ಟೆ ಗಾಡಿ ಬರುತ್ತೆ, ಅಷ್ಟೇ."

ಲಾಂಡ್ರಿ ದ್ವೀಪದ ಹಿಂಬದಿಯಲ್ಲಿ, ಗುಡ್ಡದ ಆಚೆಗೆ ಇತ್ತು. ಮ್ಯಾನೇಜರ್ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ದರು. ಗುಡ್ಡದ ತಿರುವು ದಾಟಿದ್ದೇ ಹೂವಿನ ಗಿಡಗಳು ನಿಂತವು, ಸಿಮೆಂಟಿನ ಗೋಡೆ ಶುರುವಾಯಿತು. ಕೆಲಸಗಾರರ ದೋಣಿ ನಿಲ್ಲುವುದೂ ಇದೇ ಬದಿಗೆ. ಬೆಳಿಗ್ಗೆ ಇಲ್ಲಿ ಇಳಿದು, ಸಂಜೆ ಇಲ್ಲೇ ಹತ್ತುತ್ತಾರೆ. ಬಟ್ಟೆ ಗಾಡಿಯವನೊಬ್ಬನನ್ನು ಬಿಟ್ಟರೆ ಗುಡ್ಡದ ಆ ಬದಿಗೆ ಹೋಗಲು ಲಾಂಡ್ರಿಯವರಿಗೆ ಅನುಮತಿಯಿಲ್ಲ.

"ಅಂದರೆ ಸಮುದ್ರದ ಆ ಕಡೆ ಅವರು ನೋಡೇ ಇಲ್ವಾ?" ಹೆಡ್ ಕಾನ್‌ಸ್ಟೆಬಲ್ ಅಂದು ಮೊದಲ ಬಾರಿಗೆ ಬಾಯಿ ತೆರೆದರು.

"ಅಗತ್ಯ ಬೀಳಲ್ಲ" ಎಂದರು ಮ್ಯಾನೇಜರ್.

ಒಳಗೆ ಉಗಿ, ಸೋಪಿನ ವಾಸನೆ, ಕಿವಿ ತುಂಬುವ ಯಂತ್ರದ ಸದ್ದು. ಉಳಿದ ಬಟ್ಟೆಗಳಿಗೆಲ್ಲ ಯಂತ್ರದ ಇಸ್ತ್ರಿ. ನೀರಿನ ಮೇಲಿನ ವಿಲ್ಲಾಗಳ ಬೆಡ್‌ಶೀಟುಗಳಿಗೆ ಮಾತ್ರ ಕೈ ಇಸ್ತ್ರಿ. ಯಾವುದು ಯಾವ ವಿಲ್ಲಾದ್ದೆಂದು ತಿಳಿಯಲು ಮೂಲೆಯಲ್ಲಿ ಬಣ್ಣದ ದಾರದ ಹೊಲಿಗೆ. ಹನ್ನೊಂದನೇದಕ್ಕೆ ನೀಲಿ ದಾರ.

ಗಾಡಿಯವನನ್ನು ಕರೆದರು. ಅವನ ಕೆನ್ನೆ ಊದಿತ್ತು.

"ನಿನ್ನೆ ಎರಡು ಗಂಟೆಗೆ ಗಾಡಿ ತಗೊಂಡು ಹೋದವನು ನೀನೇನಾ?"

"ಇಲ್ಲ ಸಾರ್. ಹಲ್ಲುನೋವು. ನರ್ಸಮ್ಮನ ಹತ್ರ ಹೋಗಿದ್ದೆ. ದೊಡ್ಡಮ್ಮ ತಾನೇ ತಳ್ಕೊಂಡು ಹೋಗ್ತೀನಿ ಅಂದ್ರು."

ದೊಡ್ಡಮ್ಮನೆಂದರೆ ಕಿಟಕಿಯ ಬಳಿಯ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗೂ ದೊಡ್ಡಮ್ಮ. ತಿಂಗಳ ಕೊನೆಗೆ ನಿವೃತ್ತಿ. ಪೊಲೀಸರು ಬಂದದ್ದನ್ನು ನೋಡಿದರೂ ಅವಳ ಕೈ ನಿಂತಿರಲಿಲ್ಲ. ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆ, ಅದರ ಮುಂದೆ ಮುಂದೆ ಬಟ್ಟೆ ಸವರಿಕೊಂಡು ಹೋಗುವ ಎಡಗೈ. ಎಡಗೈಯ ಉಂಗುರ ಬೆರಳಿಗೆ ದಪ್ಪ ಬಟ್ಟೆಯ ಪಟ್ಟಿ.

ಇನ್‌ಸ್ಪೆಕ್ಟರ್ ಪ್ರಶ್ನೆ ಜೋಡಿಸಿಕೊಳ್ಳುತ್ತಿದ್ದರು. ಹೆಡ್ ಕಾನ್‌ಸ್ಟೆಬಲ್ ಮೇಜಿನ ಎದುರು ಹೋಗಿ ನಿಂತು ಸುಮ್ಮನೆ ಆ ಕೈಯನ್ನೇ ನೋಡಿದರು.

"ಬೆರಳಿಗೇನಾಯ್ತು ದೊಡ್ಡಮ್ಮ?"

"ಸುಟ್ಕೊಂಡೆ ಕಣಮ್ಮ. ನಮಗೆ ಇದು ದಿನಾ ಇದ್ದಿದ್ದೇ."

"ಸುಟ್ಟಿರೋ ಬೆರಳನ್ನ ಬಿಸಿಬಿಸಿ ಬಟ್ಟೆ ಮೇಲೆ ಒತ್ತಿ ಸವರ್ತಾ ಇದ್ದೀರಲ್ಲ. ಉರಿಯಲ್ವಾ?"

ಇಸ್ತ್ರಿಪೆಟ್ಟಿಗೆ ನಿಂತಿತು. ಬಟ್ಟೆ ಸುಡುವ ಮುನ್ನ ದೊಡ್ಡಮ್ಮ ಅದನ್ನು ಎತ್ತಿ ಬದಿಗಿಟ್ಟಳು.

ಇನ್‌ಸ್ಪೆಕ್ಟರ್ ಹತ್ತಿರ ಬಂದರು. "ಹನ್ನೊಂದನೇ ವಿಲ್ಲಾದಲ್ಲಿ ಒಂದು ಉಂಗುರ ಹೋಗಿದೆ. ಕೋಣೆ ಹುಡುಗೀನ ಬೆಳಗಿನಿಂದ ಆಫೀಸಲ್ಲಿ ಕೂರಿಸಿದ್ದಾರೆ. ಕೆಲಸದಿಂದ ತೆಗೀತಾರಂತೆ."

"ಆ ಮಗೂನ? ಅವಳ್ಯಾಕೆ?" ದೊಡ್ಡಮ್ಮನ ಮುಖ ಬಿಳಿಚಿತು. "ನಾವು ನಸುಕಿಗೇ ಬಂದು ಇಲ್ಲಿ ಹೊಕ್ಕರೆ ಆ ಕಡೆ ಸುದ್ದಿ ನಮಗೆ ಗೊತ್ತಾಗಲ್ಲ ಸ್ವಾಮಿ. ಅವಳದ್ದೇನೂ ಇಲ್ಲ. ಮೊದಲು ಅವಳನ್ನ ಬಿಡಿ."

ಎನ್ನುತ್ತ ತಾನೇ ಪಟ್ಟಿ ಬಿಚ್ಚತೊಡಗಿದಳು. ಸುತ್ತು ಬಿಚ್ಚಿದಂತೆ ಊದಿದ ಬೆರಳು, ಕೆಂಪಾದ ಚರ್ಮ, ಕೊನೆಗೆ ಗಂಟಿನ ಕೆಳಗೆ ಹೂತುಹೋದಂತಿದ್ದ ಪಚ್ಚೆ ಕಲ್ಲು. ಪಕ್ಕದ ಮೇಜಿನ ಹೆಂಗಸು "ಅಯ್ಯೋ, ದೊಡ್ಡಮ್ಮಾ" ಎಂದು ಅಲ್ಲೇ ಕುಸಿದು ಕುಳಿತಳು.

"ತೆಗೆಯೋಕಾಗ್ತಿಲ್ಲ ಸ್ವಾಮಿ. ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ. ರಾತ್ರಿಯೆಲ್ಲ ಎಳೆದೆ. ಬಂದಿದ್ದರೆ ಇವತ್ತಿನ ಬಟ್ಟೆ ಮಡಿಕೇಲಿ ಇಟ್ಟು ವಾಪಸ್ ಕಳಿಸ್ತಿದ್ದೆ."

ನಂತರದ ಪ್ರಶ್ನೋತ್ತರವನ್ನು ಗಡಿಯಾರ ಬರೆದುಕೊಂಡ.

"ಒಳಗೆ ಯಾಕೆ ಹೋದ್ರಿ?"

"ನೋಡೋಕೆ."

"ಏನು ನೋಡೋಕೆ?"

"ಮೀನು." ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮನೇಲಿ ಮೂರು ಮೊಮ್ಮಕ್ಕಳು. ಅಜ್ಜಿ ದ್ವೀಪದಲ್ಲಿ ಕೆಲಸ ಮಾಡ್ತಾಳೆ, ಎಲ್ಲಾ ನೋಡಿರ್ತಾಳೆ ಅಂದ್ಕೊಂಡಿದಾವೆ. ರಾತ್ರಿ ಮಲಗೋವಾಗ ಹೇಳು ಹೇಳು ಅಂತವೆ. ನಾನೇನು ನೋಡಿದ್ದೀನಿ, ಉಗಿ ನೋಡಿದ್ದೀನಿ. ಆ ಕಡೆ ಕೆಲಸ ಮಾಡೋರು ಹೇಳಿದ್ದಕ್ಕೆ ಒಂದಷ್ಟು ಸೇರಿಸಿ ಹೇಳ್ತಿದ್ದೆ. ಗಾಜಿನ ನೆಲ ಇದೆ, ಅದರ ಕೆಳಗೆ ಬೀಸಣಿಗೆ ಹಾಗಿರೋ ದೊಡ್ಡ ಮೀನು ರೆಕ್ಕೆ ಬಡೀತಾ ಹೋಗುತ್ತೆ ಅಂತ. ಗಾಜು ಅವರು ಹೇಳಿದ್ದು. ಮೀನು ನಾನು ಹೇಳಿದ್ದು. ಈ ತಿಂಗಳು ಕಳೆದ್ರೆ ಇನ್ನು ಬರೋ ಹಾಗಿಲ್ಲ. ಹೇಳಿದ್ದು ನಿಜಾನಾ ಸುಳ್ಳಾ ಅಂತ ನನಗೇ ಗೊತ್ತಿಲ್ವಲ್ಲ ಅನ್ನಿಸ್ತು."

"ಕಂಡಿತಾ?"

"ಇಲ್ಲ ಸ್ವಾಮಿ. ಗಾಜಿತ್ತು. ಸಣ್ಣ ಮೀನಿದ್ವು. ದೊಡ್ಡದು ಬರಬಹುದು ಅಂತ ಹಾಸಿಗೆ ಮೇಲೆ ಕೂತೆ, ಹಾಗೇ ಒರಗಿದೆ. ಬರಲಿಲ್ಲ."

"ಉಂಗುರ?"

"ಹೋಗೋ ಮುಂಚೆ ಮುಖ ತೊಳೆಯೋಕೆ ಹೋದೆ. ಬಟ್ಟಲಲ್ಲಿತ್ತು. ಒಂದು ಸಲ ಹಾಕ್ಕೊಂಡು ಕನ್ನಡೀಲಿ ನೋಡ್ಕೊಂಡೆ. ಈ ಕೈ ನೋಡಿ, ಉಗೀಲಿ ಬೆಂದು ಬೆಂದು ಗಂಟೆಲ್ಲ ಊದಿದೆ. ಹೋಗಿದ್ದು ಹೋಯ್ತು, ಬರಲಿಲ್ಲ."

"ಬೆಡ್‌ಶೀಟ್ ಬದಲಾಯಿಸಿದ್ದು ನೀವೇ?"

"ನಾನು ಒರಗಿದ್ದಕ್ಕೆ ಸುಕ್ಕಾಗಿತ್ತು. ಗಾಡೀಲಿ ನೀಲಿ ದಾರದ್ದು ಒಂದಿತ್ತು."

"ಕೈಯಲ್ಲಿ ಸವರಿ ಬಂದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ದೊಡ್ಡಮ್ಮ ಇನ್‌ಸ್ಪೆಕ್ಟರ್ ಮುಖ ನೋಡಿದಳು, ಇವರೇನು ಹೀಗೆ ಕೇಳುತ್ತಾರೆ ಎನ್ನುವಂತೆ. "ಸುಕ್ಕು ಹಾಗೇ ಬಿಟ್ಟು ಹೇಗೆ ಬರೋದು ಸ್ವಾಮಿ?"

ಉಂಗುರವನ್ನು ಕತ್ತರಿಸಿ ತೆಗೆಯುವುದು ಮ್ಯಾನೇಜರ್ ಸಲಹೆ. ದವಾಖಾನೆಯಲ್ಲಿ ಅದಕ್ಕೆ ಉಪಕರಣವೂ ಇತ್ತು. ಫೋನಿನಲ್ಲಿ ಕೇಳಿದಾಗ ವಕೀಲೆ ಒಪ್ಪಲಿಲ್ಲ. "ಅಮ್ಮನ ಕೈಯಿಂದ ಅದು ಹೇಗೆ ಬಂತೋ ಹಾಗೇ ಇರಬೇಕು."

"ಐಸ್ ಸಿಗುತ್ತಾ?" ಹೆಡ್ ಕಾನ್‌ಸ್ಟೆಬಲ್ ಕೇಳಿದರು.

ಇನ್‌ಸ್ಪೆಕ್ಟರ್ ಯೋಚಿಸಿದರು. ಆರೋಪಿಯೇ ಸ್ಥಳ ತೋರಿಸುವ ಪಂಚನಾಮೆ ಹೇಗೂ ಆಗಬೇಕಿತ್ತು. "ಹನ್ನೊಂದನೇ ವಿಲ್ಲಾಕ್ಕೇ ಹೋಗೋಣ. ಐಸ್ ಅಲ್ಲಿಗೇ ತರಿಸಿ."

"ಲಾಂಡ್ರಿಯವರನ್ನ ಆ ಕಡೆಗೆ..." ಮ್ಯಾನೇಜರ್ ರಾಗ ಎಳೆದರು.

"ಅವರೀಗ ಲಾಂಡ್ರಿಯವರಲ್ಲ. ನಮ್ಮ ತನಿಖೆಯ ಆರೋಪಿ."

ಹೀಗೆ ದೊಡ್ಡಮ್ಮ ಎರಡನೇ ಬಾರಿ ಆ ಕೋಣೆಗೆ ಬಂದಳು, ಈ ಬಾರಿ ಪೊಲೀಸರ ಜೊತೆ, ಎಲ್ಲರೆದುರಿಗೆ. ದಾರಿಯಲ್ಲಿ ಸಾಮಾನು ಕೋಣೆಯ ಕಾರ್ಡು ನೇತಿದ್ದ ಮೊಳೆ, ಇಲ್ಲಿ ಒರಗಿದ ಜಾಗ, ಚಿಪ್ಪಿನ ಬಟ್ಟಲು ಎಲ್ಲ ತೋರಿಸಿದಳು. ಆಮೇಲೆ ಹೆಡ್ ಕಾನ್‌ಸ್ಟೆಬಲ್ ಅವಳನ್ನು ಗಾಜಿನ ಚೌಕದ ಅಂಚಿಗೆ ಕೂರಿಸಿ, ಅತಿಥಿಗಳ ಪಾನೀಯ ತಣ್ಣಗಿಡುವ ಬೆಳ್ಳಿ ಬಣ್ಣದ ಬಕೆಟ್ಟಿನ ಐಸ್ ನೀರಿನಲ್ಲಿ ಕೈ ಇಳಿಸಿದರು. "ಮರಗಟ್ಟೋವರೆಗೂ ತೆಗೀಬೇಡಿ."

ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅಷ್ಟೂ ಜನ ಗಾಜಿನ ಸುತ್ತ ಕುಳಿತರು. ಬಿಸಿಲು ನೀರಿನೊಳಗೆ ಇಳಿದು ಮರಳಿನ ಮೇಲೆ ಬಲೆಯಂತೆ ಅಲುಗಾಡುತ್ತಿತ್ತು. ಆಚೆ, ಹವಳದ ದಿಬ್ಬದ ಮೇಲೆ ಅಲೆಯೊಡೆಯುವ ಬಿಳಿ ಗೆರೆ. ಅದರಾಚೆ ಕಡಲು ಯಾವುದು, ಆಕಾಶ ಯಾವುದು ಎಂದು ತಿಳಿಯದ ನೀಲಿ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಏಕೆ ತೆಗೆದೆನೆಂದು ಅವರಿಗೆ ತಿಳಿಯಲಿಲ್ಲ.

ಆಗ ಗಾಜಿನ ಕೆಳಗೆ ನೆರಳಾಯಿತು.

ಮೊದಲು ಮೋಡವೆಂದುಕೊಂಡರು. ಅದು ಮೋಡವಾಗಿರಲಿಲ್ಲ. ಚಪ್ಪಟೆ ಮೈಯ, ಎರಡು ಆಳು ಅಗಲದ ಒಂದು ಮೀನು ಗಾಜಿನ ಒಂದು ಅಂಚಿನಿಂದ ಮೂಡಿತು. ಮೈಯ ಎರಡು ಬದಿಗಳೇ ರೆಕ್ಕೆ. ಅವುಗಳನ್ನು ಒಮ್ಮೆ ಎತ್ತಿತು, ನಿಧಾನವಾಗಿ ಇಳಿಸಿತು. ಹಳದಿ ಮೀನುಗಳ ಹಿಂಡು ಅದಕ್ಕೆ ದಾರಿ ಬಿಟ್ಟಿತು. ಚೌಕವನ್ನು ತುಂಬಿ, ದಾಟಿ, ಬಾಲದ ಉದ್ದ ದಾರವನ್ನು ಎಳೆದುಕೊಂಡು ಆಳದ ನೀಲಿಗೆ ಇಳಿದುಹೋಯಿತು.

ದರ್ಜಿ ಕೈ ಮುಗಿದು ನಿಂತಿದ್ದ. ಮ್ಯಾನೇಜರ್ ಬಿಳಿ ಪ್ಯಾಂಟಿನಲ್ಲೇ ಮೊಣಕಾಲೂರಿದ್ದರು. "ಆರು ವರ್ಷ ಆಯ್ತು ನಾನಿಲ್ಲಿ" ಎಂದು ಗಾಜಿಗೆ ಅಂಗೈ ಊರಿದರು.

"ಇದೆ" ಎಂದಳು ದೊಡ್ಡಮ್ಮ. ಅವಳ ಕೆನ್ನೆಯಲ್ಲಿ ನೀರಿಳಿಯುತ್ತಿತ್ತು. "ನಾನು ಹೇಳಿದ್ದಕ್ಕಿಂತ ದೊಡ್ಡದಿದೆ."

ಹೆಡ್ ಕಾನ್‌ಸ್ಟೆಬಲ್ ಬಕೆಟ್ಟಿನೊಳಗೆ ಕೈ ಹಾಕಿ ಉಂಗುರವನ್ನು ಮೆಲ್ಲನೆ ತಿರುಗಿಸಿದರು. ಅದು ಗಂಟು ದಾಟಿ ಅಂಗೈಗೆ ಬಂತು. ವಕೀಲೆ ಗುರುತಿಸಿದರು. ಜಪ್ತಿ ಪಂಚನಾಮೆ ಬರೆದು, ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಒತ್ತಲಾಯಿತು.

"ನಾನು ದೂರು ವಾಪಸ್ ತಗೊಂಡ್ರೆ?" ವಕೀಲೆ ಕೇಳಿದರು.

"ಎಫ್‌ಐಆರ್ ಆಗಿದೆ. ಇನ್ನು ನನ್ನ ಕೈಯಲ್ಲಿಲ್ಲ, ನಿಮಗೇ ಗೊತ್ತು ಮೇಡಂ."

"ಗೊತ್ತು. ಕೋರ್ಟಲ್ಲಿ ಏನು ಹೇಳಬೇಕೋ ನಾನೇ ಬಂದು ಹೇಳ್ತೀನಿ." ಆಕೆ ಮ್ಯಾನೇಜರ್ ಕಡೆ ತಿರುಗಿದರು. "ಆ ಹುಡುಗಿ ಪತ್ರ ಹರಿದು ಹಾಕಿ. ನನ್ನೆದುರಿಗೇ."

ಪತ್ರ ಹರಿಯಿತು. ಹುಡುಗಿಯ ಕಾರ್ಡು ಅವಳಿಗೆ ಮರಳಿತು.

ದೊಡ್ಡಮ್ಮನನ್ನು ಮಧ್ಯಾಹ್ನ ಮೂರೂ ಹತ್ತಕ್ಕೆ ದಸ್ತಗಿರಿ ಮಾಡಲಾಯಿತು. ಅತಿಕ್ರಮ ಪ್ರವೇಶ ಮತ್ತು ಕಳವು. ಮಗನಿಗೆ ಫೋನಿನಲ್ಲಿ ವಿಷಯ ತಿಳಿಸಲಾಯಿತು. ಸಂಜೆ ಜಾಮೀನಿಗೆ ಠಾಣೆಗೆ ಬರುವುದಾಗಿ ಹೇಳಿದ. ಕೋಣೆಯ ಹುಡುಗಿ ಜೆಟ್ಟಿಯವರೆಗೆ ಓಡಿಬಂದಳು. ಬೈಯಲು ಬಂದಿದ್ದಳೋ ಏನೋ, ಬಂದವಳು ದೊಡ್ಡಮ್ಮನ ತಣ್ಣಗಾದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಉಜ್ಜಿದಳು. "ಒಂದು ಮಾತು ನನ್ನ ಕೇಳಬಾರದಿತ್ತಾ ದೊಡ್ಡಮ್ಮ? ನಾನೇ ತೋರಿಸ್ತಿರಲಿಲ್ವಾ?"

"ಕೇಳಿದ್ರೆ ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ ಅಂತ ಕೇಳಲಿಲ್ಲ ಮಗಳೇ" ಎಂದಳು ದೊಡ್ಡಮ್ಮ. ಹೇಳಿದ ಮೇಲೆ, ಕೇಳದೆ ಹೋದದ್ದರಿಂದಲೇ ಆ ಕುತ್ತು ಬಂದದ್ದು ಹೊಳೆದು ಹುಡುಗಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಪೊಲೀಸರ ಬೋಟು ಮುಂಬದಿಯಿಂದ ಹೊರಟಿತು. ಒಂದರ ನಂತರ ಒಂದು ವಿಲ್ಲಾಗಳು ಹಾದುಹೋದವು. ದೊಡ್ಡಮ್ಮ ಅವನ್ನು ನೋಡುತ್ತ, ಎಷ್ಟೋ ವರ್ಷ ಮೂಲೆ ಹಿಡಿದು ಮಡಿಸಿದ್ದ ಮನೆಗಳನ್ನು ಒಂದೊಂದಾಗಿ ಗುರುತಿಸಿದಳು. "ಕೆಂಪು. ಹಳದಿ. ಇದು ಕಂದು, ಇವರ ಬಟ್ಟೇಲಿ ಯಾವಾಗಲೂ ಮರಳು. ಅಗೋ, ನೀಲಿ."

ಸಂಜೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆದರು. ಕೃತ್ಯದ ಉದ್ದೇಶದ ಎದುರು ಮೊದಲು ‘ಆಸೆ’ ಎಂದು ಬರೆದು, ಹೊಡೆದುಹಾಕಿ, ‘ಮೊಮ್ಮಕ್ಕಳಿಗೆ ತಾನು ಹೇಳಿದ್ದು ನಿಜವೇ ಎಂದು ನೋಡುವುದಕ್ಕಾಗಿ’ ಎಂದು ಬರೆದರು. ನಂತರ ಪಂಚನಾಮೆಗಳನ್ನು ಓದಿದರು, ಎಂದಿನಂತೆ ಎರಡು ಸಲ. ಎರಡನೇ ಸಲ ಓದುವಾಗ, ಐಸ್ ತರಿಸಿದ್ದಕ್ಕೂ ಉಂಗುರ ಬಂದದ್ದಕ್ಕೂ ನಡುವೆ, ಗಡಿಯಾರನ ಗುಂಡನೆ ಅಕ್ಷರದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ‘2.35ಕ್ಕೆ ಗಾಜಿನ ಕೆಳಗೆ ದೊಡ್ಡ ಮೀನು ಹಾದುಹೋಯಿತು. ಹಾಜರಿದ್ದ ಎಲ್ಲರೂ ನೋಡಿರುತ್ತಾರೆ.’

ಪ್ರಕರಣಕ್ಕೆ ಅದರಿಂದ ಏನೂ ಆಗಬೇಕಿರಲಿಲ್ಲ. ಇನ್‌ಸ್ಪೆಕ್ಟರ್ ಪೆನ್ನು ತೆರೆದರು, ಸ್ವಲ್ಪ ಹೊತ್ತು ಹಿಡಿದುಕೊಂಡೇ ಕುಳಿತರು, ಮುಚ್ಚಿಟ್ಟರು. ಸಾಲಿನ ಕೆಳಗೆ ಪಂಚರಿಬ್ಬರ ಸಹಿ ಇತ್ತು.